ಒಳಕ್ಕೆ ತೆರೆಯುವ ಗೇಟು

ಮಡಿವಾಳೆಪ್ಪನ ಮದುವೆಗೆ ಮೊದಲು ಅಡ್ಡ ಬಂದದ್ದು ಒಂದು ಆಡು. ಅದೂ ಅವನ ಆಡಲ್ಲ, ಊರಿನಲ್ಲಿ ಯಾರದೋ ಆಡು.

ಮಡಿವಾಳೆಪ್ಪ ಸಂಶಿಯ ಹೈಸ್ಕೂಲಿನಲ್ಲಿ ಕಾರಕೂನ. ಎಂಬತ್ತಾರನೆಯ ಇಸವಿಗೆ ಅವನಿಗೆ ಮೂವತ್ತನಾಲ್ಕು ತುಂಬಿತ್ತು. ಹನ್ನೊಂದು ಊರಿನಲ್ಲಿ ಹೆಣ್ಣು ನೋಡಿ, ಹನ್ನೊಂದು ಊರಿನ ಉಪ್ಪಿಟ್ಟು ತಿಂದು, ಹನ್ನೆರಡನೆಯದಾಗಿ ಕಲಘಟಗಿ ಕಡೆಯ ತಂಬೂರಿಗೆ ಹೋಗಿ ಈರಬಸಪ್ಪನವರ ಮಗಳು ಶಾರದವ್ವನನ್ನು ನೋಡಿ ಬಂದಿದ್ದ. ಆ ಹುಡುಗಿ ಚಹಾದ ಕಪ್ಪು ಕೈಗೆ ಕೊಡುತ್ತ, "ಸಕ್ಕರಿ ಸಾಕೇನ್ರಿ?" ಎಂದು ಕೇಳಿದ್ದಳು. ಹೆತ್ತ ತಾಯಿಯನ್ನು ಬಿಟ್ಟರೆ ಅವನ ಚಹಾದ ಸಕ್ಕರೆಯನ್ನು ಜಗತ್ತಿನಲ್ಲಿ ಇನ್ನೊಬ್ಬರು ವಿಚಾರಿಸಿದ್ದು ಅದೇ ಮೊದಲು. ಕಾರಕೂನನ ಎದೆ ಅಲ್ಲಿಯೇ ಕರಗಿಹೋಯಿತು. ಮದುವೆಯಾದರೆ ಇವಳನ್ನೇ ಎಂದು ಅವನು ನಿಶ್ಚಯಿಸಿಕೊಂಡ.

ಮುಂದಿನ ವಾರ ಈರಬಸಪ್ಪನವರು ಹುಡುಗನ ಮನೆ ನೋಡಲು ಬಂದರು. ಮನೆ ಮೆಚ್ಚಿದರು, ತಾಯಿ ಬಸವಣ್ಣೆವ್ವನ ಮಾತು ಮೆಚ್ಚಿದರು. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಎಲ್ಲಿಂದಲೋ ಆ ಆಡು ಬಂತು. ಬಂದದ್ದೇ ಅವರ ಹೆಗಲಿನ ಜರಿಯ ಶಲ್ಯದ ಅಂಚನ್ನು ಬಾಯಿಗೆ ಹಾಕಿಕೊಂಡು, ಅವರು ನೋಡುವಷ್ಟರಲ್ಲಿ ಒಂದು ಗೇಣು ನುಂಗಿತ್ತು. ಅದನ್ನು ಬೆನ್ನಟ್ಟಲು ಎದ್ದರೆ ಅಂಗಳದಲ್ಲಿ ಎರಡು ಎಮ್ಮೆ, ಒಂದು ಕತ್ತೆ ನಿಂತಿದ್ದವು.

"ಇದೇನ ಅಂಗಳ ಐತೋ, ದನದ ಸಂತಿ ಐತೋ?" ಎಂದರು ಈರಬಸಪ್ಪನವರು. "ನಮ್ಮ ಹುಡಿಗೀನ ದನಾ ಹೊಡಿಯಾಕ ಕೊಡಾಂಗಿಲ್ರಿ. ಸುತ್ತಲೂ ಬೇಲಿ ಹಾಕಸ್ರಿ. ಒಂದ ಗಟ್ಟಿ ಗೇಟ ಕುಂದರಸ್ರಿ. ದನಾ ಅನ್ನೂವು ಒಳಗ ಹಣಕಿ ಹಾಕಬಾರದು. ಮುಂದಿನ ತಿಂಗಳ ಮೊದಲನೇ ಸೋಮವಾರ ನಾಕರ ಬಸ್ಸಿಗೆ ಬರ್ತೇವಿ. ಗೇಟ ನೋಡೂಣು, ಅಲ್ಲೇ ಬೆಲ್ಲ ಹಂಚೂಣು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಗೇಟಿನ ಸುದ್ದಿ ಎತ್ತಿಲ್ಲ. ಅವರ ಕಾಲದಲ್ಲಿ ಗೇಟು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದರು.

ಸುತ್ತ ಹತ್ತು ಹಳ್ಳಿಗೆ ಗೇಟು ಎಂದರೆ ಶರೀಫಸಾಬ. ಕುಂದಗೋಳದ ದಾರಿಯಲ್ಲಿ ಅವನ ವೆಲ್ಡಿಂಗ್ ಅಂಗಡಿ. ಕೆಲಸದಲ್ಲಿ ಬಂಗಾರ, ಆದರೆ ಕೆಲಸದ ಲೋಪ ಮೊದಲೇ ಕಂಡು ಚಿಂತೆ ಮಾಡುವ ಜಾತಿ. ಮಡಿವಾಳೆಪ್ಪನೋ ಅವನಿಗಿಂತ ದೊಡ್ಡ ಚಿಂತೆಗಾರ. ಶರೀಫಸಾಬ ಮುಳ್ಳುತಂತಿ ನಾಲ್ಕು ಸಾಲು ಸಾಕೆಂದರೆ ಇವನು ಆರು ಎಂದ. ಮೂಲೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಇರಲಿ ಎಂದರೆ, ಮನುಷ್ಯ ನುಸುಳಿದಲ್ಲಿ ಆಡೂ ನುಸುಳುತ್ತದೆ ಎಂದು ಅದನ್ನೂ ಮುಚ್ಚಿಸಿದ. ಗೇಟನ್ನು ಯಾರಾದರೂ ಎತ್ತಿಕೊಂಡು ಹೋದಾರೆಂದು ಅದು ತಿರುಗುವ ಬಿಜಾಗರಿಯ ಮೇಲೆ ಕಬ್ಬಿಣದ ಬಿಲ್ಲೆ ಬೆಸೆಯಲು ಹೇಳಿದ.

"ಕಾರಕೂನರ, ಅಂಗಳ ಸಣ್ಣದೈತಿ," ಎಂದ ಶರೀಫಸಾಬ. "ಗೇಟ ಹೊರಗ ತೆರಿಯೂಹಂಗ ಇಡ್ತೀನ್ರಿ. ಒಳಗ ತೆರದರ ಜಾಗಾ ತಿಂತೈತಿ."

ಆಗ ಬಾಜು ಮನೆಯ ರೇವವ್ವ ತನ್ನ ಕಟ್ಟೆಯಿಂದಲೇ ಬಾಯಿ ಹಾಕಿದಳು. ಊರಿನ ಯಾವ ಕೆಲಸವೂ ಈಕೆಯ ಸಲಹೆಯಿಲ್ಲದೆ ಕೆಟ್ಟದ್ದಿಲ್ಲ. "ಹೊರಗ ತೆರದರ ಬಂದ ಲಕ್ಷ್ಮೀನ ಎದಿಗೆ ನೂಕಿದಂಗ ಆಕ್ಕತೋ ತಮ್ಮಾ! ಸೊಸಿ ಬರೂ ಮನಿ. ಒಳಗ ತೆರೀಲಿ."

ಬಸವಣ್ಣೆವ್ವ, "ಖರೇ ಅಂತಾಳ," ಎಂದಳು. ಗೇಟು ಒಳಕ್ಕೆ ತೆರೆಯುವಂತಾಯಿತು.

ಆ ಸೋಮವಾರ ಬಂತು. ಬೆಳಿಗ್ಗೆ ಎಂಟಕ್ಕೆ ಗೇಟು ಏರಿತು. ಗಿಳಿಹಸಿರು ಬಣ್ಣ, ನಡುವೆ ಸೂರ್ಯನ ಚಿತ್ರ, ಬಿಜಾಗರಿಗೆ ಎಣ್ಣೆ. ಒಂದು ಬೆರಳು ತಾಕಿಸಿದರೆ ಸಾಕು, ಮದುಮಗಳ ಹಾಗೆ ಸದ್ದಿಲ್ಲದೆ ಒಳಗೆ ಸರಿಯುತ್ತಿತ್ತು. ರಜೆ ಹಾಕಿದ್ದ ಮಡಿವಾಳೆಪ್ಪ ಸ್ನಾನ ಮಾಡಿ, ಪಂಚೆ ಉಟ್ಟು, ಬರಿಮೈಗೆ ವಿಭೂತಿ ಧರಿಸಿ ಗೇಟಿನ ಪೂಜೆಗೆ ನಿಂತ. ಹೊಸ ಅಂಗಿ ಒಳಗೆ ಗೂಟಕ್ಕೆ ತೂಗುತ್ತಿತ್ತು. ಬಸವಣ್ಣೆವ್ವ ಶಿರಾಕ್ಕೆಂದು ರವೆ ಹುರಿದಿಟ್ಟು ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲದ ತಟ್ಟೆ ತಂದಳು.

ಕಾಯಿ ಒಡೆದಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇಲ್ಲ. ರೇವವ್ವ ಗಲ್ಲಕ್ಕೆ ಕೈ ಹಚ್ಚಿ, "ಅಲ್ಲೋ, ಹೊಸಾ ಮನಿ ಹೊಗುವಾಗ ಮೊದಲ ಆಕಳ ಒಳಗ ಬಿಡ್ತೇವಿಲ್ಲೋ? ಗೇಟಿಗೂ ಹಂಗ ಏನರೆ ಬಿಡಬೇಕ ನೋಡು. ಹಂಗ ಖಾಲಿ ಬಿಟ್ಟರ ಮೊದಲ ಯಾವ ಸನಿ ಹೊಗತೈತೋ!" ಎಂದಳು.

"ಚಿಗವ್ವಾ, ದನಾ ಬರಬಾರದಂತನ ಗೇಟ ಹಾಕಸೇನಿ!" ಎಂದ ಮಡಿವಾಳೆಪ್ಪ.

"ನಾ ದನಾ ಅಂದ್ನೇನು? ಶಾಸ್ತ್ರ ಅಂದೆ."

ಅವರ ಮಾತು ಮುಗಿದಿರಲಿಲ್ಲ. ಓಣಿಯ ತಿರುವಿನಲ್ಲಿ ಊರಿನ ಬಸವಣ್ಣ ಕಾಣಿಸಿಕೊಂಡ. ಬಸವಣ್ಣನೆಂದರೆ ಗುಡಿಗೆ ಬಿಟ್ಟ ಗೂಳಿ. ತುಂಬಿದ ಗಾಡಿಯಂಥ ಮೈ, ಹಿಣಿಲು ಒಂದು ಕಡೆಗೆ ವಾಲಿ ಬಿದ್ದಿದೆ. ಅವನು ಹೊಕ್ಕ ಹೊಲಕ್ಕೆ ಬೇಲಿಯಿಲ್ಲ, ಅವನು ಮುಟ್ಟಿದ ಕಾಳಿಗೆ ಬೈಗುಳವಿಲ್ಲ. ಅದರಲ್ಲಿಯೂ ಅಂದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಾರಕೋಲು ಮುಟ್ಟುವುದಿಲ್ಲ. ಎತ್ತಿಗೇ ಹಾಗಾದರೆ ಬಸವಣ್ಣನ ಮಾತೇನು!

"ಕರೀಲಿಲ್ಲ, ಕೂಗಲಿಲ್ಲ, ತಾನ ಬಂದ ನೋಡವ್ವಾ!" ಎಂದು ರೇವವ್ವ ಕೈ ಮುಗಿದಳು. ಬಸವಣ್ಣೆವ್ವ ಕಣ್ಣಲ್ಲಿ ನೀರು ತಂದುಕೊಂಡು ಬೆಲ್ಲದ ತಟ್ಟೆ ಮುಂದೆ ಹಿಡಿದಳು. ಬಸವಣ್ಣ ಬೆಲ್ಲ ಮೂಸಿ, ಹೊಸ ಗೇಟನ್ನು ದಾಟಿ, ಇಪ್ಪತ್ತು ದಿನದಿಂದ ಯಾರನ್ನು ಹೊರಗಿಡಲು ಶರೀಫಸಾಬ ಬೆವರು ಸುರಿಸಿದ್ದನೋ ಅದೇ ಅಂಗಳಕ್ಕೆ ಮೊದಲ ಹೆಜ್ಜೆ ಇಟ್ಟ. ಮಡಿವಾಳೆಪ್ಪನೂ ಕೈ ಮುಗಿದ. ಮುಗಿಯದೆ ಏನು ಮಾಡುತ್ತಾನೆ?

ಬೆಲ್ಲ ಮುಗಿಯಿತು, ಬಾಳೆಹಣ್ಣು ಸಿಪ್ಪೆಸಹಿತ ಮುಗಿಯಿತು, ಗೇಟಿಗೆ ಕಟ್ಟಿದ ಮಾವಿನೆಲೆಯ ತೋರಣವೂ ಮುಗಿಯಿತು. ಉಳಿದ ಕಾಯಿಯ ಚೂರನ್ನು ಓಣಿಯವರಿಗೆ ಹಂಚಲು ಮಡಿವಾಳೆಪ್ಪ ತಟ್ಟೆ ಹಿಡಿದು ಹೊರಗೆ ಹೋದ. ಬಸವಣ್ಣೆವ್ವ ಒಲೆಯ ಕಡೆ ನಡೆದಳು. ಬಸವಣ್ಣ ಅವಳ ಮೆಂತ್ಯದ ಮಡಿಯನ್ನು ಒಂದು ಸುತ್ತಿನಲ್ಲಿ ಬೋಳಿಸಿ, ಕುತ್ತಿಗೆಯ ತುರಿಕೆಗೆ ಗೇಟನ್ನು ಉಜ್ಜಿದ. ಎಣ್ಣೆ ಕುಡಿದ ಗೇಟು ಸರ್ರನೆ ಹೋಗಿ ಧಡ್ ಎಂದು ಮುಚ್ಚಿಕೊಂಡಿತು. ಮುಚ್ಚಿದ ಗೇಟಿನ ನೆರಳು ತಂಪೆನಿಸಿತೋ ಏನೋ, ಬಸವಣ್ಣ ಮುಂಗಾಲು ಮಡಿಚಿ, ಗೇಟಿಗೆ ಬೆನ್ನು ಕೊಟ್ಟು ಮಲಗಿಬಿಟ್ಟ.

ಮಡಿವಾಳೆಪ್ಪ ಬಂದು ನೂಕಿದ. ಗೇಟು ಅಲುಗಲಿಲ್ಲ. ಭುಜ ಕೊಟ್ಟು ನೂಕಿದ. ಶರೀಫಸಾಬ ಬಂದು ಭುಜ ಕೊಟ್ಟ. ಒಳಗಿನಿಂದ ಒಂದು ದೀರ್ಘ ನಿಟ್ಟುಸಿರು ಬಂತು, ಬಸವಣ್ಣನದು.

"ಶರೀಫಸಾಬಾ, ಇದೇನಾತೋ!"

"ಹೊರಗ ತೆರಿಯೂಹಂಗ ಇಡ್ತೀನಿ ಅಂದೆ. ನೆನಪೈತೇನ್ರಿ?" ಎಂದ ಶರೀಫಸಾಬ. ಇಂಥ ಹೊತ್ತಿನಲ್ಲಿ ಕೆಲಸಗಾರ ಹೇಳಬೇಕಾದ ಮಾತು ಅದೊಂದೇ.

ಗಂಟೆ ಒಂಬತ್ತಾಗಿತ್ತು. ನಾಲ್ಕಕ್ಕೆ ಈರಬಸಪ್ಪನವರು. ಹುಡುಗನ ಅಂಗಿ ಒಳಗೆ, ಗಡಿಯಾರ ಒಳಗೆ, ಚಪ್ಪಲಿ ಒಳಗೆ. ಹುಡುಗ ಮಾತ್ರ ಹೊರಗೆ, ಬರಿಮೈಯಲ್ಲಿ, ಖಾಲಿ ತಟ್ಟೆ ಹಿಡಿದು. ಹನ್ನೆರಡನೆಯದೂ ಹೋದರೆ ಹದಿಮೂರನೆಯ ಉಪ್ಪಿಟ್ಟು ತಿನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಶಾರದವ್ವನನ್ನು ಬಿಟ್ಟು ಇನ್ನೊಬ್ಬಳು ಸಕ್ಕರೆ ಕೇಳುವುದು ಅವನಿಗೆ ಬೇಕೂ ಇರಲಿಲ್ಲ.

ಬೇಲಿ ಹತ್ತಿ ಒಳಗೆ ಹೋಗುವುದೆಂದು ಅವನು ನಿಶ್ಚಯಿಸಿದ. ಮೂರನೆಯ ಸಾಲಿನವರೆಗೆ ಕೆಲಸ ಚೆನ್ನಾಗಿಯೇ ನಡೆಯಿತು. ಐದನೆಯದರಲ್ಲಿ ಪಂಚೆ ಸಿಕ್ಕಿತು. ಆರನೆಯದರ ಮೇಲೆ ಮಡಿವಾಳೆಪ್ಪ ಒಣಹಾಕಿದ ಬಟ್ಟೆಯಂತೆ ತೂಗತೊಡಗಿದ.

"ಅಲುಗಾಡಬ್ಯಾಡ್ರಿ!" ಎಂದು ಕೂಗುತ್ತ ಶರೀಫಸಾಬ ಇಕ್ಕಳ ತಂದು ಮುಳ್ಳು ಒಂದೊಂದಾಗಿ ಬಿಡಿಸಿ ಅವನನ್ನು ಹೊರಗಿನ ಕಡೆಗೇ ಇಳಿಸಿದ. ಪಂಚೆಯ ಅರ್ಧ ಮೇಲೆಯೇ ಉಳಿದು ಬಾವುಟವಾಯಿತು. "ಆರ ಸಾಲ ಬ್ಯಾಡ ಅಂದೆ," ಎಂದು ಗೊಣಗಿದರೂ ಶರೀಫಸಾಬ ತನ್ನ ಚೌಕುಳಿಯ ಲುಂಗಿ ತೆಗೆದು ಅವನಿಗೆ ಉಡಿಸಿ, ತಾನು ಚಡ್ಡಿಯ ಮೇಲೆ ನಿಂತ. ಉಪಕಾರಿ ಮನುಷ್ಯ.

"ತಂತಿ ಕಡದಬಿಡು ಮಾರಾಯಾ!"

"ಬಿಗಿ ಎಳದ ತಂತಿರಿ. ಒಂದ ಕಡೆ ಕಡದ್ರ ಎಲ್ಲಾ ಕಂಬ ಬಾಗಿ ನಿಮಗ ನಮಸ್ಕಾರ ಮಾಡ್ತಾವು. ನಾಕರೊಳಗ ತಿರುಗಿ ನಿಲ್ಲಸಾಕ ಆಗೂದಿಲ್ರಿ. ಬೀಗರು ಬಂದ ಬಿದ್ದ ಬೇಲಿ ನೋಡ್ತಾರೇನು?"

"ಹಂಗಾರ ಗೇಟ ಎತ್ತಿ ತಗಿ."

"ಬಿಲ್ಲೆ ಬೆಸಸೀರಲ್ರಿ, ಕಳ್ಳರು ಎತ್ತಬಾರದಂತ. ಅದನ್ನ ಕೊಯ್ಯಾಕ ಮಶೀನ ಬೇಕು. ಮಶೀನಿಗೆ ಕರೆಂಟ ಬೇಕು. ಕರೆಂಟ ಈಗಷ್ಟ ಹೋತು, ಇನ್ನ ಸಂಜಿ ಆರಕ್ಕ ಬರತೈತಿ."

ತಾನೇ ಹೇಳಿ ಹೇಳಿ ಮಾಡಿಸಿದ ಒಂದೊಂದು ಬಂದೋಬಸ್ತೂ ಈಗ ತನ್ನ ಮೇಲೆಯೇ ತಿರುಗಿ ಬೀಳುತ್ತಿರುವುದನ್ನು ನೋಡಿ ಮಡಿವಾಳೆಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಕಡೆಗೆ ಗೇಟಿನ ಸರಳಿನ ನಡುವೆ ಬಾಯಿಟ್ಟು, "ಬಸವಣ್ಣಾ, ಏಳೋ ನಮ್ಮಪ್ಪಾ. ನಿನ್ನ ಕಾಲ ಬೀಳ್ತೀನಿ," ಎಂದು ಬೇಡಿಕೊಂಡ. ಬಸವಣ್ಣ ಒಂದು ಕಿವಿ ಆಡಿಸಿ ನೊಣ ಓಡಿಸಿದ.

ಸುದ್ದಿಗೆ ಕಾಲು ಬೇಕೇ? ಹತ್ತು ಗಂಟೆಗೆ ಅರ್ಧ ಊರು ಗೇಟಿನ ಮುಂದೆ ಇತ್ತು. ಕಾಳಿನ ವ್ಯಾಪಾರಿ ಕುಬೇರಪ್ಪನವರು, ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವ ಹಿರಿಯರು, ಚೆಂಡು ಹೂವಿನ ಹಾರ ಹಿಡಿದು ಬಂದರು. ಸರಳಿನ ಸಂದಿನಲ್ಲಿ ಕೈ ಹಾಕಿ ಬಸವಣ್ಣನ ಕೊಂಬಿಗೆ ಹಾರ ಹಾಕಿದರು.

"ಕುಬೇರಪ್ಪಕಾಕಾ, ನೀವರೆ ಎಬ್ಬಸ್ರಿ," ಎಂದ ಮಡಿವಾಳೆಪ್ಪ.

"ಎಬ್ಬಸೂದಾ?" ಕುಬೇರಪ್ಪನವರು ಬೆಚ್ಚಿಬಿದ್ದರು. "ಸೋಮವಾರ! ತಾನಾಗಿ ಬಂದ ಕುಂತಾನ! ಹುಚ್ಚದಿಯೇನೋ? ಹಂತಾ ಮಾತ ಬಾಯಾಗ ತರಬ್ಯಾಡ. ಅವನ ಮನಸಿಗೆ ಬಂದಾಗ ಏಳ್ತಾನ."

"ಯಾವಾಗ ಮನಸಿಗೆ ಬರತೈತ್ರಿ?"

"ಹೋದ ವರ್ಷ ಗುಡಿ ಮುಂದ ಎರಡ ದಿನಾ ಕುಂತಿದ್ದ."

ಅಷ್ಟರಲ್ಲಿ ಹೆಂಗಸರು ಸಾಲಾಗಿ ಬಂದರು. ಒಬ್ಬಳು ಸಜ್ಜೆರೊಟ್ಟಿ, ಒಬ್ಬಳು ಹೋಳಿಗೆ, ಒಬ್ಬಳು ಸೇರು ಕಡಲೆ. ಎಲ್ಲರೂ ಸರಳಿನ ನಡುವೆ ಕೈ ತೂರಿಸಿ ಬಸವಣ್ಣನ ಬಾಯಿಯ ತನಕ ಮುಟ್ಟಿಸುವವರೇ. ಕೂತಲ್ಲಿಗೇ ಹೋಳಿಗೆ ಬರುವಾಗ ಯಾರು ಏಳುತ್ತಾರೆ?

"ಯವ್ವಾ, ಯಾರೂ ತಿನಸಬ್ಯಾಡ್ರಿ! ಹಸದರ ಎದ್ದ ಹೊಕ್ಕಾನ!" ಎಂದು ಮಡಿವಾಳೆಪ್ಪ ಅಡ್ಡ ನಿಂತ.

ಹೆಂಗಸರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮೇಲೆ ವಿಭೂತಿ, ಕೆಳಗೆ ಚೌಕುಳಿ ಲುಂಗಿ. "ಬಸವಣ್ಣನ ಉಪವಾಸ ಕೆಡವತಾನಂತ! ಇದಕ್ಕ ನೋಡು ಇಷ್ಟ ವರ್ಷ ಲಗ್ನ ಆಗಿಲ್ಲ," ಎಂದು ಒಬ್ಬಳು ಹೇಳಿಯೂಬಿಟ್ಟಳು. ಮಡಿವಾಳೆಪ್ಪ ಪಕ್ಕಕ್ಕೆ ಸರಿದು ನಿಂತ.

ಒಳಗಿನಿಂದ ಬಸವಣ್ಣೆವ್ವ ಕೂಗಿದಳು. "ಮಡಿವಾಳಾ, ಶಿರಾ ಮಾಡ್ಲೋ ಬ್ಯಾಡೋ?"

"ಮಾಡಬೇ," ಎಂದ ಅವನು. ಸರಳಿನ ಸಂದಿನಿಂದ ಹೊಸ ಅಂಗಿ ಕೊಡಲೇ ಎಂದು ಅವಳು ಕೇಳಿದಾಗ, ತೋರಣದಂತೆ ಅದನ್ನೂ ಬಸವಣ್ಣ ತಿಂದಾನೆಂದು ಬೇಡವೆಂದ.

ಮಧ್ಯಾಹ್ನ ಹನ್ನೆರಡರ ಬಸ್ಸು ಬಂತು. ಅದರ ಕಂಡಕ್ಟರ್ ಶಂಭುಲಿಂಗ ರೇವವ್ವನ ಮಗನೇ. ಹುಬ್ಬಳ್ಳಿಯಿಂದ ಬಂದ ಬಸ್ಸು ಸಂಶಿಯಲ್ಲಿ ಅರ್ಧ ತಾಸು ನಿಲ್ಲುತ್ತದೆ. ಅಷ್ಟರಲ್ಲಿ ಅವನು ಮನೆಗೆ ಬಂದು ಉಂಡು ಹೋಗುವ ವಾಡಿಕೆ. ಇಸ್ತ್ರಿ ಮುರಿಯದ ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಅವನು ಬಸವಣ್ಣನಿಗೆ ಕೈ ಮುಗಿದು, ಮಡಿವಾಳೆಪ್ಪನ ಮುಖ ನೋಡಿ ಮರುಗಿದ.

"ಹೆದರಬ್ಯಾಡ ಮಡಿವಾಳಣ್ಣಾ. ನಿಮ್ಮ ಬೀಗರು ಸಂಜಿ ನಮ್ಮ ಬಸ್ಸಿಗೇ ಬರೂದಲ್ಲಾ? ನಾ ಅವರನ್ನ ಮುಂದಿನ ಸೀಟಿಗೆ ಕುಂದರಿಸಿ, ನಾಕ ಚಲೋ ಮಾತ ಹೇಳ್ಕೋತ ಕರಕೊಂಡ ಬರ್ತೀನಿ. ಅಷ್ಟರೊಳಗ ಬಸವಣ್ಣ ಎದ್ದಿರ್ತಾನ."

ಆ ದಿನ ಮಡಿವಾಳೆಪ್ಪನಿಗೆ ಒಳ್ಳೆಯ ಮಾತಾಡಿದವನು ಅವನೊಬ್ಬನೇ. ಕಾರಕೂನನಿಗೆ ಕಣ್ಣು ತುಂಬಿ ಬಂತು.

ಒಂದಾಯಿತು, ಎರಡಾಯಿತು. ಶರೀಫಸಾಬ ಗರಗಸದಿಂದ ಬಿಲ್ಲೆ ಕೊಯ್ಯಲು ಹೋದ. ಕರ್ರ್ ಎಂಬ ಸದ್ದಿಗೆ ಬಸವಣ್ಣನ ಕಣ್ಣು ಕೆಂಪಗಾಯಿತು ಎಂದು ಕುಬೇರಪ್ಪನವರು ಅದನ್ನೂ ನಿಲ್ಲಿಸಿದರು. ಯಾರೋ ಭಜನೆ ಹಚ್ಚಿದರು. ಬಸವಣ್ಣ ತಲೆಯನ್ನೂ ನೆಲಕ್ಕಿಟ್ಟು ಸೊಗಸಾಗಿ ನಿದ್ದೆ ಮಾಡಿದ. ಮಡಿವಾಳೆಪ್ಪನಿಗೆ ಗೇಟಿನಿಂದ ಓಣಿಯ ತುದಿಗೆ, ಓಣಿಯ ತುದಿಯಿಂದ ಗೇಟಿಗೆ ನಡೆದೂ ನಡೆದೂ ಬರಿಗಾಲಿಗೆ ಬೊಬ್ಬೆ ಬಂತು. ಸಿಕ್ಕವರನ್ನೆಲ್ಲ ಗಂಟೆ ಕೇಳಿದ. ಗಂಟೆ ಮಾತ್ರ ಯಾರನ್ನೂ ಕೇಳದೆ ಓಡುತ್ತಿತ್ತು.

ಮೂರಕ್ಕೆ ರೇವವ್ವನ ಎಮ್ಮೆ ಕೂಗಿತು. ಅವಳು ನೆನೆಹಾಕಿದ ಹತ್ತಿಕಾಳಿನ ಬುಟ್ಟಿ ಎತ್ತಿಕೊಂಡು ಗೋದಲಿಯ ಕಡೆ ಹೊರಟಳು. ಮಲಗಿದ್ದ ಬಸವಣ್ಣನ ಮೂಗು ಅರಳಿದ್ದನ್ನು ಇಡೀ ಓಣಿಯಲ್ಲಿ ಕಂಡವನು ಮಡಿವಾಳೆಪ್ಪ ಒಬ್ಬನೇ. ಹೋಳಿಗೆಗೆ, ಕಡಲೆಗೆ ಅಲುಗದ ಮೂಗು ಹತ್ತಿಕಾಳಿಗೆ ಅಲುಗಿತ್ತು!

"ಚಿಗವ್ವಾ, ಆ ಬುಟ್ಟಿ ಕೊಡು!"

"ನಮ್ಮ ಎಮ್ಮಿ ಹಾಲ ಕೊಡೂದಿಲ್ಲೋ ತಮ್ಮಾ."

"ನನ್ನ ಮದವಿ ಐತಿ ಚಿಗವ್ವಾ!"

ರೇವವ್ವ ಕರಗಿದಳು. "ತಗೊ. ನಿನ್ನ ಮದವಿಗೆ ಇದ ನನ್ನ ಮುಯ್ಯಿ ಅಂತ ತಿಳಕೊ."

"ಏ, ಏನ ಮಾಡ್ತಿ?" ಎಂದರು ಕುಬೇರಪ್ಪನವರು.

"ಎಬ್ಬಸೂದಿಲ್ರಿ. ಬರೇ ತೋರಸ್ತೀನಿ," ಎಂದ ಮಡಿವಾಳೆಪ್ಪ. ಒಂದು ಹಿಡಿ ಹತ್ತಿಕಾಳನ್ನು ಸರಳಿನ ಸಂದಿನಲ್ಲಿ ತೂರಿಸಿ ಬಸವಣ್ಣನ ಮೂಗಿಗೆ ಹಿಡಿದ. ಒರಟು ನಾಲಿಗೆ ಅಂಗೈ ನೆಕ್ಕಿತು. ಕೈ ಹಿಂದೆ ಎಳೆದ. ಬಸವಣ್ಣ ಮೊದಲು ಹಿಂಗಾಲು, ಆಮೇಲೆ ಮುಂಗಾಲು ಎತ್ತಿ ಎದ್ದು ನಿಂತು ತಿರುಗಿದ. "ಹರ ಹರ!" ಎಂದಿತು ಜನ. ಶರೀಫಸಾಬ ಗೇಟನ್ನು ಮೆಲ್ಲನೆ ಒಳಗೆ ನೂಕಿದ. ದಾರಿ ಬಿಟ್ಟಿತು.

ಬುಟ್ಟಿ ಹಿಡಿದು ಮಡಿವಾಳೆಪ್ಪ ಬಸವಣ್ಣನ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಟ್ಟ. ಊರ ಹೊರಗಿನ ಗುಡಿಯವರೆಗೆ ಹೀಗೆಯೇ ಕರೆದೊಯ್ಯುವುದೆಂದು ಅವನ ಲೆಕ್ಕಾಚಾರ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಸವಣ್ಣನಿಗೆ ಅವಸರವಾಯಿತು. ತಲೆ ತಗ್ಗಿಸಿ ದುಡುದುಡು ಬಂದ. ಮಡಿವಾಳೆಪ್ಪ ಲುಂಗಿ ಎತ್ತಿ ಕಟ್ಟಿ, ಎದುರಿಗೆ ಕಂಡ ತೆರೆದ ಅಂಗಳಕ್ಕೆ ಓಡಿ, ಬುಟ್ಟಿ ನೆಲಕ್ಕೊಗೆದು ಕಟ್ಟೆಯ ಮೇಲೆ ಹಾರಿದ. ಅದು ರೇವವ್ವನ ಅಂಗಳ. ಬಸವಣ್ಣ ಬುಟ್ಟಿಗೆ ಮುಖವಿಟ್ಟು, ಪೂರಾ ಮುಗಿಸಿ, ಅಲ್ಲಿಯೇ ಮುಂಗಾಲು ಮಡಿಚಿ ಕೂತ. ಹಾರ, ಊದುಬತ್ತಿ, ಭಜನೆ ಎಲ್ಲವೂ ಓಣಿ ದಾಟಿ ಆ ಅಂಗಳಕ್ಕೆ ಹೋದವು.

"ನನ್ನ ಮನಿಗೂ ಬಂದೀಯಪಾ!" ಎಂದು ರೇವವ್ವ ಅಡ್ಡಬಿದ್ದಳು.

ಮಡಿವಾಳೆಪ್ಪನೂ ಅಡ್ಡಬೀಳಬೇಕೆನ್ನುವಷ್ಟು ಹಗುರಾಗಿದ್ದ. ಮನೆಗೆ ಓಡಿದ. ಸೆಗಣಿ ಬಾಚಿದ, ಅಂಗಳ ಗುಡಿಸಿದ, ತಲೆಗೆ ಎರಡು ತಂಬಿಗೆ ನೀರು ಸುರಿದುಕೊಂಡ, ಹೊಸ ಅಂಗಿ ಹಾಕಿದ. ಶರೀಫಸಾಬನಿಗೆ ಲುಂಗಿ ಹಿಂದಿರುಗಿತು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗಿಳಿಹಸಿರು ಗೇಟು ಒರೆಸಿ, ಮುಚ್ಚಿ, ಅಗಳಿ ಹಾಕಿ ಹಿಂದೆ ಸರಿದು ನೋಡಿದ. ಅಂಗಳದಲ್ಲಿ ಒಂದು ಕೋಳಿಯೂ ಇರಲಿಲ್ಲ. ಬೆಳಗಿನಿಂದ ಮೊದಲ ಬಾರಿಗೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡ. ಒಳಗಿನಿಂದ ಶಿರಾದ ತುಪ್ಪದ ವಾಸನೆ ಬಂತು. ಶಾರದವ್ವ ಈ ಗೇಟು ತೆರೆದು ಒಳಗೆ ಬರುವುದು ಕಣ್ಣಿಗೆ ಕಟ್ಟಿತು.

ಬಸ್ಸಿನ ಹಾರ್ನು ಕೇಳಿಸಿತು. ಓಣಿಯ ತಿರುವಿನಲ್ಲಿ ಈರಬಸಪ್ಪನವರು, ಅವರ ಹಿರಿಯಕ್ಕ ಮಲ್ಲಕ್ಕ, ಅವರ ಚೀಲ ಹೊತ್ತ ಶಂಭುಲಿಂಗ. ಮೂವರೂ ಓಡುವಂತೆ ಬರುತ್ತಿದ್ದರು.

"ಬರ್ರಿ, ಬರ್ರಿ!" ಎಂದು ಮಡಿವಾಳೆಪ್ಪ ಗೇಟಿನ ಪಕ್ಕ ಕೈ ಮುಗಿದು ನಿಂತ.

ಈರಬಸಪ್ಪನವರು ಅವನನ್ನು ನೋಡಲಿಲ್ಲ. ಗೇಟನ್ನೂ ನೋಡಲಿಲ್ಲ. ನೆಟ್ಟಗೆ ರೇವವ್ವನ ಅಂಗಳಕ್ಕೆ ಹೋಗಿ, ಚಪ್ಪಲಿ ಬಿಟ್ಟು, ಬಸವಣ್ಣನ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಮಲ್ಲಕ್ಕ ಅವನ ಹಣೆಗೆ ಹಣೆ ಹಚ್ಚಿದಳು.

ಎದ್ದ ಮೇಲೆ ಈರಬಸಪ್ಪನವರು ಕಣ್ಣೊರೆಸಿಕೊಂಡು, "ಬಸ್ಸಿನಾಗ ಈ ಕಂಡಕ್ಟರ್ ತಮ್ಮ ಹೇಳಿದ," ಎಂದರು. "ಸೋಮವಾರ ಮುಂಜಾನಿ ಬಸವಣ್ಣ ತಾನಾಗಿ ಬಂದ ಕುಂತಾನ ಅಂತ. ಅದೂ ನಮ್ಮ ಹುಡಗನ ಮನ್ಯಾಗ ಅಂತ. ಹಂತಾ ಮನಿ ಸಿಗೂದು ನಮ್ಮ ಶಾರದಾನ ಪುಣ್ಯ ಅಂದ್ಕೋತ ಬಂದ್ವಿ. ಆದರ ಹುಡಗನ ಮನಿ ಆ ಕಡೆ ಅಲ್ಲೇನ್ರಿ?"

"ಅವರ ಮನ್ಯಾಗನ ಇದ್ದನ್ರಿ," ಎಂದಳು ರೇವವ್ವ. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಹುಡುಗನ ಶ್ರಮವನ್ನು ಹೊಗಳಬೇಕೆಂದೇ ಹೊರಟಿದ್ದಳು. "ಮುಂಜಾನಿಂದ ಹೊರಗ ಹಾಕಾಕ ಹುಡಗ ಎಷ್ಟ ಒದ್ದಾಡ್ಯಾನ್ರಿ ಪಾಪ! ನೀವು ಗೇಟ ನೋಡಾಕ ಬರ್ತೀರಂತ. ಬೇಲಿ ಹತ್ತಿದ, ಗರಗಸ ತರಿಸಿದ, ಯಾರೂ ಒಂದ ತುತ್ತ ಹಾಕಬ್ಯಾಡ್ರಿ ಅಂದ. ಕಡೀಕ ಮೂರಕ್ಕ ಎಬ್ಬಿಸಿ ಕಳಿಸಿದ ನೋಡ್ರಿ. ಶ್ಯಾಣ್ಯಾ ಹುಡಗ."

ಭಜನೆ ನಿಂತಿತು. ಊದುಬತ್ತಿಯ ಹೊಗೆ ಮಾತ್ರ ಏಳುತ್ತಿತ್ತು.

"ಬಸವಣ್ಣನ್ನ?" ಎಂದರು ಈರಬಸಪ್ಪನವರು. "ಸೋಮವಾರ? ಉಪವಾಸ ಕೆಡವಿ, ಎಬ್ಬಿಸಿ, ಹೊರಗ ಹಾಕಿದ್ರಿ?"

"ನೀವ ಹೇಳಿದ್ರಲ್ಲರಿ," ಎಂದ ಮಡಿವಾಳೆಪ್ಪ. "ದನಾ ಒಳಗ ಹಣಕಿ ಹಾಕಬಾರದು ಅಂತ."

"ನಾ ದನಾ ಅಂದಿದ್ದೆ. ಬಸವಣ್ಣ ಅಂದಿದ್ನೇನು?"

"ತಪ್ಪ ಗೇಟಿಂದರಿ ಧಣೇರ, ಅದು ಒಳಗ ತೆರೀತೈತಿ," ಎಂದು ಶರೀಫಸಾಬ ನಡುವೆ ಬಂದ. ಆ ಹೊತ್ತಿನಲ್ಲಿ ಗೇಟಿನ ನ್ಯಾಯ ಯಾರಿಗೂ ಬೇಕಾಗಿರಲಿಲ್ಲ.

ಈರಬಸಪ್ಪನವರು ತಲೆಯಾಡಿಸಿದರು. "ದೇವರು ತಾನಾಗಿ ಬಂದ ಕುಂತರ ಎಬ್ಬಿಸಿ ಕಳಿಸಿದ ಮನ್ಯಾಗ ನಮ್ಮ ಹುಡಿಗಿ ಎಷ್ಟ ದಿನಾ ನಿಂತಾಳ್ರಿ? ಬ್ಯಾಡ ಬಿಡ್ರಿ."

ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿಗೆ ಗೀಟು ಎಳೆದಂತೆ ಮಡಿವಾಳೆಪ್ಪನ ಹನ್ನೆರಡನೆಯದು ಮುಗಿದಿತ್ತು. ಎದೆಯಲ್ಲಿ ನೋವಾಯಿತು, ನಿಜವಾಗಿ ನೋವಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಅವನು ಒಳಗೆ ಹೋಗಿ ಕದ ಹಾಕಿಕೊಂಡು ಅತ್ತಾದರೂ ಅಳುತ್ತಿದ್ದ. ಆದರೆ ಮಲ್ಲಕ್ಕ ಆಗಲೇ ರೇವವ್ವನ ಕಟ್ಟೆಯ ಮೇಲೆ ಕಾಲು ಮಡಿಚಿ ಕೂತಿದ್ದಳು.

"ಈ ಕಂಡಕ್ಟರ್ ಹುಡಗ ಯಾರ ಮಗಾರಿ? ಬಸ್ಸಿನಾಗ ನನಗ ಕಿಡಕಿ ಬಾಜು ಸೀಟ ಬಿಡಿಸಿಕೊಟ್ಟ. ಇಳಿಯುವಾಗ ಕೈ ಹಿಡದ ಇಳಿಸಿದ."

"ನನ್ನ ಮಗಾರಿ."

"ಹೌದೇನು! ಯಾವ ಮಠದ ಒಕ್ಕಲರಿ ನೀವು?"

ರೇವವ್ವ ಹೇಳಿದಳು. ಮಲ್ಲಕ್ಕ ತಮ್ಮನ ಮುಖ ನೋಡಿದಳು. ಈರಬಸಪ್ಪನವರು ಬಸವಣ್ಣನ ಮುಖ ನೋಡಿದರು. ಬಸವಣ್ಣ ಕಣ್ಣು ಮುಚ್ಚಿ ಮೆಲುಕು ಹಾಕುತ್ತ ತಲೆ ಅಲುಗಿಸುತ್ತಿದ್ದ.

"ಲಗ್ನ ಆಗೇತೇನ್ರಿ?" ಎಂದರು ಈರಬಸಪ್ಪನವರು.

ಶಂಭುಲಿಂಗ ನಾಚಿ, "ಮಡಿವಾಳಣ್ಣಾ..." ಎಂದು ಏನೋ ಹೇಳಹೊರಟ. ಕುಬೇರಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಇಂಥ ಮಾತಿಗೆ ಹಿರಿಯರು ಬೇಕೇ ಬೇಕಲ್ಲ. ಬಂದವರ ಬಾಯಿ ಸಿಹಿ ಮಾಡಲು ರೇವವ್ವನ ಮನೆಯಲ್ಲಿ ಏನೂ ಸಿದ್ಧವಿರಲಿಲ್ಲ. ಬಾಜು ಮನೆಯಲ್ಲಿತ್ತು. ಬಸವಣ್ಣೆವ್ವ, ಹೆತ್ತ ಹೊಟ್ಟೆ ಉರಿದರೂ, ಬಂದವರ ಮುಂದೆ ಊರಿನ ಮರ್ಯಾದೆ ಹೋಗಬಾರದೆಂದು ಶಿರಾದ ಪಾತ್ರೆಯನ್ನು ತಾನೇ ಹೊತ್ತು ತಂದಳು. ಶಂಭುಲಿಂಗನಿಗೆ ಶಾರದವ್ವ ಎಂದು ಮಾತು ಗಟ್ಟಿಮಾಡಿ ಬೆಲ್ಲ ಹಂಚಿದರು. ಮಡಿವಾಳೆಪ್ಪನ ಕೈಗೂ ಒಂದು ಚೂರು ಬಂತು.

ಎದ್ದು ಹೊರಡುವಾಗ ಈರಬಸಪ್ಪನವರು ಅಂಗಳದ ಸುತ್ತ ಕಣ್ಣಾಡಿಸಿದರು. ನಾಲ್ಕು ಕಡೆ ಮೋಟು ಗೋಡೆ, ಮುಂದೆ ಎರಡು ಕಲ್ಲುಕಂಬ, ನಡುವೆ ಬಯಲು. "ಎಲ್ಲಾ ಚಲೋ ಐತ್ರಿ. ಆದರ ಇವತ್ತೇನೋ ಬಸವಣ್ಣ ಬಂದಾನ, ನಾಳಿ ಆಡ ಬರತೈತಿ. ಹುಡಿಗಿ ಬರೂದರೊಳಗ ಇಲ್ಲೆ ಒಂದ ಗೇಟ ಆಗಬೇಕ ನೋಡ್ರಿ."

"ಅದಕ್ಕೇನ್ರಿ ದೊಡ್ಡ ಮಾತು!" ಎಂದು ರೇವವ್ವ ಮಡಿವಾಳೆಪ್ಪನ ಕಡೆ ತಿರುಗಿದಳು. "ತಮ್ಮಾ, ನಿನಗಿನ್ನ ಗೇಟಿಂದ ಏನ ಅವಸರ ಐತೋ? ಸದ್ಯೆ ನಮಗ ಕೊಡು. ನಿನ್ನ ಲಗ್ನ ಗೊತ್ತಾದಾಗ ಮಾಡಿಸಿಕೊಂಡರಾತು."

ಎಲ್ಲರೂ ಅವನ ಮುಖ ನೋಡಿದರು. ಬಾಯಲ್ಲಿ ಅವರೇ ಕೊಟ್ಟ ಬೆಲ್ಲವಿತ್ತು; ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಆದರೂ ಒಂದು ಕಡ್ಡಿಯಷ್ಟು ಆಸೆ ಉಳಿದಿತ್ತು. "ಅದು ನಮ್ಮ ಬಾಗಿಲ ಅಳತಿಗೆ ಮಾಡಿದ್ದು ಚಿಗವ್ವಾ," ಎಂದ ಮೆಲ್ಲಗೆ. "ನಿಮ್ಮ ಕಂಬಕ್ಕ ಕೂಡೂದಿಲ್ಲ."

ಅಳತೆಯ ಮಾತು ಬಂದರೆ ಶರೀಫಸಾಬನಿಗೆ ಸುಮ್ಮನಿರಲು ಬರುವುದಿಲ್ಲ. ಜೇಬಿನಿಂದ ಟೇಪು ತೆಗೆದು ಒಂದು ತುದಿ ಮಡಿವಾಳೆಪ್ಪನ ಕೈಗೆ ಕೊಟ್ಟು ಒಂದು ಕಂಬಕ್ಕೆ ಹಿಡಿಸಿದ. ಇನ್ನೊಂದು ಕಂಬದ ಹತ್ತಿರ ಕೂತು ಕಣ್ಣು ಕಿರಿದು ಮಾಡಿ ನೋಡಿದ. ಒಮ್ಮೆ ಅಳೆದ, ತಪ್ಪಿದ್ದೀತೆಂದು ಇನ್ನೊಮ್ಮೆ ಅಳೆದ. ಅವನ ಮುಖದಲ್ಲಿ ಪಾಪ, ಮಡಿವಾಳೆಪ್ಪನ ಮೇಲಿನ ಮರುಕವೂ ಇತ್ತು, ಕಸಬಿನ ಸಂತೋಷವೂ ಇತ್ತು.

"ಒಂದ ಬೆರಳ ಹೆಚ್ಚಿಲ್ಲ, ಕಡಿಮಿ ಇಲ್ಲ, ಕಾರಕೂನರ," ಎಂದ. "ಈ ಮನಿಗೇ ಹೇಳಿ ಮಾಡಿಸಿದಂಗ ಐತ್ರಿ."